ಮನೆಯ ಗಣಕಯಂತ್ರದಲ್ಲಿ ಲಿನಕ್ಸ್: ಹೊಸಬರಿಗೆ ಮೊದಲ ಪಾಠ

ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ ಅದರ ಎಲ್ಲ ಅಂಗಗಳನ್ನೂ ತನ್ನ ಹತೋಟಿಗೆ ತೆಗೆದುಕೊಳ್ಳುವ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತರುವುದು, ಕಡತಗಳನ್ನು ಕಾಪಾಡುವುದು, ಮುದ್ರಣಯಂತ್ರಕ್ಕೆ ಆದೇಶ ನೀಡುವುದು ಇವೆಲ್ಲವೂ ಅದರ ಕೆಲಸ. ಅನೇಕ ಮನೆಗಳಲ್ಲಿ ಬಳಕೆಯಲ್ಲಿರುವ ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಇದರಿಂದ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಭದ್ರತಾ ಲೋಪಗಳ ದುರಸ್ತಿ ದೊರೆಯದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಪಾಯಕರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಅಗತ್ಯವಾದುದರಿಂದ ಹಲವು ಹಳೆಯ ಯಂತ್ರಗಳು ಅದಕ್ಕೆ ಅರ್ಹವಲ್ಲ. ಸುಸ್ಥಿತಿಯಲ್ಲಿರುವ ಇಂತಹ ಯಂತ್ರವನ್ನು ಮೂಲೆಗೆ ಸೇರಿಸದೆ ಮುಂದುವರಿಸಿ ಬಳಸಲು ಲಿನಕ್ಸ್ ಒಂದು ಮಾರ್ಗವಾಗಿದೆ.

ಲಿನಕ್ಸ್ ಎಂದರೇನು?

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ರಚಿಸಿದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹೀಗಾಗಿ ಒಂದೇ ತಿರುಳಿನಿಂದ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮುಂತಾದ ಹಲವು ವಿತರಣೆಗಳು ಹುಟ್ಟಿವೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ ಬಾಸ್ ಎಂಬ ವಿತರಣೆಯನ್ನು ರೂಪಿಸಿದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್‌ನ ಪರದೆ ಹೆಚ್ಚು ಅಪರಿಚಿತವೆನಿಸದು.

ಮೊದಲು ಉಳಿಸಿಕೊಳ್ಳಿ

ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಸಂಗ್ರಹ ತಟ್ಟೆಯನ್ನು ಅಳಿಸುವ ಸಂದರ್ಭ ಬರುತ್ತದೆ. ಅಳಿಸಿದ ಕಡತ ಮರಳಿ ದೊರೆಯುವ ಭರವಸೆಯಿಲ್ಲ. ಆದುದರಿಂದ ಛಾಯಾಚಿತ್ರಗಳು, ಪತ್ರಗಳು ಹಾಗೂ ಲೆಕ್ಕಪತ್ರಗಳನ್ನು ಹೊರಗಿನ ತಟ್ಟೆಯೊಂದಕ್ಕೆ ನಕಲು ಮಾಡಿ, ಆ ನಕಲನ್ನು ತೆರೆದು ಪರೀಕ್ಷಿಸಬೇಕು. ಯಂತ್ರದಲ್ಲಿ ಬಿಟ್‌ಲಾಕರ್ ಬೀಗ ಜಾರಿಯಲ್ಲಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಕಡತಗಳು ಯೂನಿಕೋಡ್‌ನಲ್ಲಿರುವುದಿಲ್ಲ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು ಕಾಣುತ್ತವೆ. ಪುಣೆಯಲ್ಲೋ ದೆಹಲಿಯಲ್ಲೋ ಕನ್ನಡ ಸಂಘವೊಂದು ವರ್ಷಗಟ್ಟಲೆ ಕೂಡಿಟ್ಟ ನಡಾವಳಿಗಳು, ಹಿರಿಯರೊಬ್ಬರು ಬೆರಳಚ್ಚಿಸಿದ ಕುಟುಂಬದ ವೃತ್ತಾಂತ ಹೀಗೆ ಓದಲು ಬಾರದಂತಾಗಬಹುದು. ಆ ತಂತ್ರಾಂಶಗಳು ಇನ್ನೂ ಯಂತ್ರದಲ್ಲಿರುವಾಗಲೇ, ಅವುಗಳಲ್ಲಿನ ಪರಿವರ್ತಕದ ನೆರವಿನಿಂದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಓದಿ ನೋಡುವುದು ಅವಶ್ಯ. ಮೂಲ ಕಡತವನ್ನೂ ಉಳಿಸಿಕೊಳ್ಳಬೇಕು.

ಅನಂತರ ಪರೀಕ್ಷಿಸಿ, ಕೊನೆಗೆ ಸ್ಥಾಪಿಸಿ

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಅದನ್ನು ಸ್ಥಾಪಿಸುವ ಮೊದಲೇ ಬಳಸಿ ನೋಡಬಹುದು. ಕ್ರಮ ಹೀಗಿದೆ:

1. ಆಯ್ದ ವಿತರಣೆಯ ಪ್ರತಿಯನ್ನು ಅದರ ಅಧಿಕೃತ ತಾಣದಿಂದಲೇ ಪಡೆದು, ಖಾಲಿ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುವುದು.
2. ಯಂತ್ರವನ್ನು ಪೆನ್‌ಡ್ರೈವ್‌ನಿಂದ ಪ್ರಾರಂಭಿಸಿ, ಪರೀಕ್ಷಾ ಬಳಕೆಯನ್ನು ಆರಿಸಬೇಕು. ಸ್ಥಾಪನೆಗೆ ಆದೇಶ ನೀಡದಿದ್ದರೆ ವಿಂಡೋಸ್ ಇದ್ದಂತೆಯೇ ಇರುತ್ತದೆ.
3. ವೈ-ಫೈ, ಧ್ವನಿ, ಕ್ಯಾಮೆರಾ ಮತ್ತು ಮುದ್ರಣಯಂತ್ರ ಕೆಲಸ ಮಾಡುತ್ತವೆಯೇ ಎಂದು ನೋಡಬೇಕು.
4. ಎಲ್ಲವೂ ಸರಿಯೆನಿಸಿದ ಮೇಲಷ್ಟೇ ಸ್ಥಾಪಿಸಬೇಕು. ತಟ್ಟೆಯಲ್ಲಿ ಸ್ಥಳವಿದ್ದರೆ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡು, ಪ್ರಾರಂಭದಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು.

ಟ್ಯಾಲಿ, ಫೋಟೋಶಾಪ್‌ಗಳಂತಹ ತಂತ್ರಾಂಶಗಳಿಗೆ ಲಿನಕ್ಸ್ ಆವೃತ್ತಿಯಿಲ್ಲ. ಜೀವನೋಪಾಯಕ್ಕೆ ಅವನ್ನೇ ಅವಲಂಬಿಸಿದವರು ವಿಂಡೋಸನ್ನು ಪೂರ್ತಿಯಾಗಿ ತೆಗೆಯುವುದು ಸೂಕ್ತವಲ್ಲ. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್, ಜಾಲವೀಕ್ಷಣೆಗೆ ಫೈರ್‌ಫಾಕ್ಸ್ ಸಾಮಾನ್ಯವಾಗಿ ಸಾಕಾಗುತ್ತವೆ.

ಕಲಿಕೆಯ ಮೊದಲ ದಿನಗಳು

ಲಿನಕ್ಸ್‌ನಲ್ಲಿ ಸಿ, ಡಿ ಎಂಬ ವಿಭಾಗಗಳಿಲ್ಲ. ಎಲ್ಲ ಕಡತಕೋಶಗಳೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ಬಳಕೆದಾರರ ಸ್ವಂತ ಕಡತಗಳು ಹೋಮ್ ಎಂಬ ಕೋಶದಲ್ಲಿರುತ್ತವೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಬೇರೆಯೆಂದೇ ಎಣಿಸುವುದರಿಂದ ಕಡತದ ಹೆಸರನ್ನು ಬರೆಯುವಾಗ ಎಚ್ಚರ ಬೇಕು. ತಂತ್ರಾಂಶಗಳನ್ನು ಕಂಡ ಕಂಡ ತಾಣಗಳಿಂದ ತರದೆ, ವಿತರಣೆಯದೇ ಭಂಡಾರದಿಂದ ಪಡೆಯುವುದು ಸುರಕ್ಷಿತ. ಆಡಳಿತಾಧಿಕಾರದ ಗುಪ್ತಪದವನ್ನು ಕೇಳಿದಾಗ, ಏತಕ್ಕೆಂದು ತಿಳಿಯದೆ ನೀಡಬಾರದು. ಅರ್ಥವಾಗದ ಆದೇಶವನ್ನು ಟರ್ಮಿನಲ್‌ನಲ್ಲಿ ಚಲಾಯಿಸಲೂ ಬಾರದು.

ಕನ್ನಡ ಬರೆಯಲು ಕೀಲಿಮಣೆಯ ವ್ಯವಸ್ಥೆಗೆ ಕನ್ನಡವನ್ನು ಸೇರಿಸಿದರೆ ಸಾಕು; ಕಗಪ ವಿನ್ಯಾಸವೂ ಲಭ್ಯವಿದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಮುಂತಾದ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ.

ಹೊಸ ವ್ಯವಸ್ಥೆ ಕೈಗೆ ಹತ್ತಲು ಕೆಲವು ವಾರಗಳು ಹಿಡಿಯಬಹುದು. ಉಳಿಸಿಕೊಳ್ಳುವುದು, ಪರೀಕ್ಷಿಸುವುದು, ಸ್ಥಾಪಿಸುವುದು ಎಂಬ ಈ ಕ್ರಮವನ್ನು ತಪ್ಪದೆ ಪಾಲಿಸಿದವರು ಕಲಿಕೆಯಲ್ಲಿ ಎಡವಿದರೂ ತಮ್ಮ ಕಡತಗಳನ್ನು ಕಳೆದುಕೊಳ್ಳುವುದಿಲ್ಲ.