ಚೀಟಿಯಲ್ಲಿದ್ದ 4 ಅಂಕ



ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ವಯಸ್ಸು 68. ಒಂದು ದಿನ ಆಸ್ಪತ್ರೆಯ ಚೀಟಿ ತಂದರು.

"ಟೀಚರಮ್ಮ, ಡಾಕ್ಟ್ರು 4 ಅಂತ ಬರೆದವ್ರೆ. ಓದೋಕೆ ಬಂತು. ಆದ್ರೆ ಏನು 4?" ಅಂದರು.

ನಾವೆಲ್ಲ ಕೂಡಿ ತಿಳಿದುಕೊಂಡೆವು. ನೀವೂ ಓದಿ.

ಅಜ್ಜಿಗೆ ಹೃದಯ ವೈಫಲ್ಯ ಇದೆ. ಅಂದರೆ ಹೃದಯ ನಿಂತಿದೆ ಅಂತ ಅಲ್ಲ. ರಕ್ತ ತಳ್ಳುವ ಶಕ್ತಿ ಸಾಲದು ಅಂತ. ಅದಕ್ಕೇ ಕಾಲು ಊದುತ್ತದೆ. ನಡೆದರೆ ಏದುಸಿರು ಬರುತ್ತದೆ.

ಅಜ್ಜಿಯ ನಾಡಿ ತಾಳವನ್ನೂ ತಪ್ಪಿದೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯುವುದಿಲ್ಲ. ಬರೀ ನಡುಗುತ್ತವೆ. ಅಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ನಾಡಿ ಹೀಗೆ ತಾಳ ತಪ್ಪಿದವರಲ್ಲಿ ಯಾರಿಗೆ ಲಕ್ವದ ಅಪಾಯ ಹೆಚ್ಚು? ಡಾಕ್ಟರು ಅಂಕ ಕೂಡಿಸಿ ನೋಡುತ್ತಾರೆ.

ಹೃದಯ ವೈಫಲ್ಯ – 1
ಬಿಪಿ – 1
ಸಕ್ಕರೆ ಕಾಯಿಲೆ – 1
ಹಿಂದೆ ಹೃದಯಾಘಾತ – 1
ವಯಸ್ಸು 65ರಿಂದ 74 – 1
ವಯಸ್ಸು 75 ಅಥವಾ ಹೆಚ್ಚು – 2
ಹಿಂದೆ ಲಕ್ವ – 2

ಮೊದಲು ಹೆಂಗಸು ಅನ್ನುವುದಕ್ಕೂ 1 ಅಂಕ ಇತ್ತು. 2024ರಲ್ಲಿ ಯುರೋಪಿನ ಹೃದಯ ತಜ್ಞರು ಅದನ್ನು ಕೈಬಿಟ್ಟರು. ಕೆಲವರು ಈಗಲೂ ಸೇರಿಸುತ್ತಾರೆ.

ಅಜ್ಜಿಗೆ ಹೃದಯ ವೈಫಲ್ಯ, ಬಿಪಿ, ಸಕ್ಕರೆ ಕಾಯಿಲೆ ಇವೆ. ವಯಸ್ಸಿಗೆ 1. ಒಟ್ಟು 4.

ಶಾಲೆಯಲ್ಲಿ ಅಂಕ ಹೆಚ್ಚಾದರೆ ಖುಷಿ. ಇಲ್ಲಿ ಹೆಚ್ಚಾದರೆ ಎಚ್ಚರ. ಅಂಕ 2 ಅಥವಾ ಹೆಚ್ಚಾದರೆ ರಕ್ತ ಹೆಪ್ಪುಗಟ್ಟದ ಹಾಗೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತಾರೆ.

ಅಜ್ಜಿಯ ಮುಖ ಬಾಡಿತು. "ನೋವಿಲ್ಲ ಅಂತ ಆ ಮಾತ್ರೆ ಬಿಟ್ಟುಬಿಟ್ಟೆ. ನನ್ನ ಹಣೇಲಿ ಲಕ್ವ ಬರೆದೈತಾ?" ಅಂದರು.

"ಇಲ್ಲ ಅಜ್ಜಿ. ಅಂಕ ಹಣೆಬರಹ ಅಲ್ಲ. ಅಪಾಯ ಎಷ್ಟಿದೆ ಅಂತ ಹೇಳುತ್ತೆ, ಅಷ್ಟೆ. ಮಾತ್ರೆ ಸರಿಯಾಗಿ ತಗೊಂಡರೆ ಇಂಥ 3 ಲಕ್ವದಲ್ಲಿ ಸುಮಾರು 2 ತಪ್ಪಿಸಬಹುದು" ಅಂದೆವು.

ಮಾರನೇ ದಿನವೇ ಅಜ್ಜಿ ಡಾಕ್ಟರ ಹತ್ತಿರ ಹೋದರು. ಮತ್ತೆ ಮಾತ್ರೆ ಶುರುವಾಯಿತು. ಈಗ ಮಾತ್ರೆ ನುಂಗಿದ ದಿನ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ. ತಮ್ಮ ತೂಕವನ್ನೂ ತಾವೇ ಬರೆಯುತ್ತಾರೆ.

ನೆನಪಿಡಿ
• ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ.
• ವಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ ಬೇಗ ಡಾಕ್ಟರಿಗೆ ತೋರಿಸಿ.
• ಹೃದಯ ವೈಫಲ್ಯ ಇದ್ದವರ ತೂಕ 3 ದಿನದಲ್ಲಿ 2 ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು. ಕೂಡಲೇ ಡಾಕ್ಟರಿಗೆ ತಿಳಿಸಿ.
• ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಕೂಡಿಸಿ ಬರೆಯಿರಿ
ಒಬ್ಬ ತಾಯಿಗೆ ನಾಡಿ ತಾಳ ತಪ್ಪಿದೆ. ವಯಸ್ಸು 76. ಹೃದಯ ವೈಫಲ್ಯ ಇದೆ. ಬಿಪಿ ಇದೆ. ಅಂಕ ಎಷ್ಟು?

ಮಾಡಿ ನೋಡಿ
ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. 1 ನಿಮಿಷ ನಾಡಿ ಎಣಿಸಿ. ತಾಳ ಒಂದೇ ಸಮ ಇದೆಯಾ? ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.