ಆಲೋಚನೆಯ ದೋಷಗಳು
ಸುಳ್ಳದ ಎರೆಹೊಲದಿಂದ ಬಂದ ಹತ್ತಿಯನ್ನು ಹುಬ್ಬಳ್ಳಿಯ ಅಡತಿ ಅಂಗಡಿಯೊಂದರಲ್ಲಿ ಕಡಿಮೆ ತೂಗಿದರೆನ್ನಿ. ‘ತೂಗಿದವನು ಆಳು’ ಎಂದು ಮಗನೂ, ‘ವ್ಯವಹಾರವೆಲ್ಲ ಮಗನದು, ನನಗಿಂದು ಚತುರ್ದಶಿಯ ಉಪವಾಸ’ ಎಂದು ತಂದೆಯೂ ನುಡಿಯಬಹುದು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯಾಣುವ್ರತದ 5 ಅತಿಚಾರಗಳಲ್ಲಿ ಎಣಿಸಿದೆ. 6ನೆಯದು ಕೃತ, ಕಾರಿತ, ಅನುಮತ ಮೂರನ್ನೂ ಆಸ್ರವಕ್ಕೆ ಆಧಾರವೆಂದಿದೆ. ಆಳು ತೂಗಿದನು, ಮಗನು ತೂಗಿಸಿದನು, ಲಾಭವನ್ನು ಕಂಡೂ ಸುಮ್ಮನಿದ್ದ ತಂದೆಯು ಅನುಮೋದಿಸಿದನು.

ಗುರುಸನ್ನಿಧಿಯಲ್ಲಿ ಮಾಡುವ ದೋಷನಿವೇದನೆಯೇ ಆಲೋಚನೆ. ಅದಕ್ಕೂ ಶಾಸ್ತ್ರಕಾರರು 10 ದೋಷಗಳನ್ನು ಹೇಳಿದ್ದಾರೆ. ಪರರು ಕಂಡುದನ್ನಷ್ಟೇ ಒಪ್ಪುವುದು ದೃಷ್ಟದೋಷ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮದೋಷ. (ಅಂಗಡಿಕಾರರಾದ ನಮ್ಮಲ್ಲಿ ಎರಡನೆಯದೇ ಹೆಚ್ಚು ರೂಢಿ!) ಪಾರಣೆಗೆ ಕೂಡುವ ಮುನ್ನ ರೈತನಿಗೆ ತೂಕದ ಬಾಕಿಯನ್ನು ತಂದೆಯೇ ಸಲ್ಲಿಸಲಿ, ಲೆಕ್ಕದ ಪುಸ್ತಕದಲ್ಲಿ ಅದರ ಕಾರಣವನ್ನೂ ಬರೆಯಿಸಲಿ.