‘ಅರ್ಥವಾಗಲಿಲ್ಲ’ ಎಂದವರನ್ನು ಬಿಡಬೇಡಿ: ಹೊಸ ಬಗೆಯಲ್ಲಿ ಬರೆಯುವವರಿಗೆ ಏಳು ಸೂತ್ರಗಳು

ಕವಿಗೋಷ್ಠಿ ಮುಗಿದಿದೆ. ಉಪ್ಪಿಟ್ಟಿನ ತಟ್ಟೆ ಹಿಡಿದ ಒಬ್ಬರು ಹತ್ತಿರ ಬಂದು, “ಏನೋ ಇದೆ ಕಣ್ರೀ ನಿಮ್ಮ ಪದ್ಯದಲ್ಲಿ” ಎನ್ನುತ್ತಾರೆ. ಅವರ ಬೆನ್ನಿಗೇ ಇನ್ನೊಬ್ಬರು, “ತಪ್ಪು ತಿಳ್ಕೋಬೇಡಿ, ತಲೆಬುಡ ಗೊತ್ತಾಗ್ಲಿಲ್ಲ.” ಇಬ್ಬರೂ ಕೇಳಿದ್ದು ಒಂದೇ ಪದ್ಯ! ಛಂದಸ್ಸು ಬಿಟ್ಟ ಕವಿತೆ, ಅರ್ಧ ಪುಟದ ಕಥೆ ಬರೆಯುವವರಿಗೆ ಇದು ತಪ್ಪಿದ್ದಲ್ಲ. ಎರಡು ಮಾತನ್ನೂ ದಕ್ಕಿಸಿಕೊಳ್ಳುವ ದಾರಿ ಇಲ್ಲಿದೆ.

1. ದೂರನ್ನು ಬಿಡಿಸಿ ಕೇಳಿ.
‘ಅರ್ಥವಾಗಲಿಲ್ಲ’ ಎಂಬ ಒಂದು ಮಾತಿನೊಳಗೆ ನಾಲ್ಕು ದೂರುಗಳಿರಬಹುದು. ಪದ ಗೊತ್ತಿಲ್ಲ, ಯಾರು ಯಾರಿಗೆ ಹೇಳುತ್ತಿದ್ದಾರೆ ತಿಳಿಯಲಿಲ್ಲ, ತಿಳಿದರೂ ಮನಸ್ಸಿಗೆ ತಟ್ಟಲಿಲ್ಲ, ಇದನ್ನು ಪದ್ಯ ಎನ್ನುವುದಕ್ಕೇ ನನ್ನ ಒಪ್ಪಿಗೆಯಿಲ್ಲ. ಮೊದಲೆರಡನ್ನು ತಿದ್ದಬಹುದು. ಮೂರನೆಯದಕ್ಕೆ ಇನ್ನೊಂದು ಪದ್ಯವನ್ನೇ ಬರೆಯಬೇಕು. ನಾಲ್ಕನೆಯದಕ್ಕೆ ನಕ್ಕು ಕೈಮುಗಿಯಿರಿ.

2. ಓದುಗರ ಪ್ರಶ್ನೆಗೆ ಕಿವಿಗೊಡಿ.
ನಾನೊಮ್ಮೆ ಮೂರೇ ವಾಕ್ಯದ ಕಥೆ ಬರೆದೆ: “ಹಾಲು ಉಕ್ಕಿತು. ಒಲೆ ಆರಿತು. ಅಪ್ಪ ಪೇಪರ್ ಮಡಿಸಲಿಲ್ಲ.” ಒಬ್ಬ ಗೆಳೆಯ, “ಅಪ್ಪ ಶುದ್ಧ ಸೋಮಾರಿ” ಎಂದ. ಇನ್ನೊಬ್ಬ, “ಕೂತಲ್ಲೇ ಜೀವ ಹೋಗಿದೆ” ಎಂದ. ಎರಡೂ ಸೈ ಎಂದು ಬೀಗುತ್ತಿದ್ದಾಗ ನೆರೆಮನೆಯ ಅಕ್ಕ ಕೇಳಿದರು: “ಅಮ್ಮ ಎಲ್ಲಿದ್ದರು?” ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮನ ನೆನಪೇ ನನಗಾಗಿರಲಿಲ್ಲ! ಆ ರಾತ್ರಿ ನಾಲ್ಕನೆಯ ವಾಕ್ಯ ಬಂತು: “ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಕೇಳುತ್ತಲೇ ಇತ್ತು.” ಎರಡು ಅರ್ಥ ಕೊಡುವುದು ಬೇರೆ, ಬರೆದವರೇ ಯೋಚಿಸದೆ ಬಿಟ್ಟದ್ದು ಬೇರೆ. ಆ ವ್ಯತ್ಯಾಸ ತೋರಿಸಿದ್ದು ಓದುಗರು.

3. ಬಿಡುವ ಮುನ್ನ ಹಿಡಿಯಿರಿ.
ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟಾಗ ಸಂಪ್ರದಾಯಸ್ಥರು ಮುನಿದರು. 1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೇ ರಾಷ್ಟ್ರಕವಿ ಪದವಿ ಕೊಟ್ಟಿತು. ಆದರೆ ಬೈಸಿಕೊಂಡವರೆಲ್ಲ ಗೋವಿಂದ ಪೈ ಆಗುವುದಿಲ್ಲ. ಅವರು ಪ್ರಾಸ ಬಾರದೆ ಬಿಟ್ಟವರಲ್ಲ, ಕರಗತವಾಗಿದ್ದುದನ್ನು ಬಿಟ್ಟವರು. ಒಂದು ಭಾಮಿನಿ ಷಟ್ಪದಿ ಬರೆದು ನೋಡಿ. ಆಮೇಲೆ ಮುರಿಯಿರಿ.

4. ತೊಡಕು ನಿಘಂಟಿನಲ್ಲಿ ಬೇಡ.
ಒಗಟಿನಂಥ ಕಾವ್ಯ ನಮಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳನ್ನು ಬಿಡಿಸಲು ಮುಂದಿನವರು ಟೀಕೆಗಳನ್ನೇ ಬರೆಯಬೇಕಾಯಿತು. ಆದರೂ ಅಲ್ಲಿನ ಮಾತುಗಳು ಬಹುಪಾಲು ದಿನಬಳಕೆಯವೇ. ಅವು ಒಂದರ ಪಕ್ಕ ಒಂದು ಕೂತ ಬಗೆಯಲ್ಲೇ ಬೆಡಗು ಹುಟ್ಟುವುದು.

5. ಎಲ್ಲ ಓದುಗರೂ ಎಲ್ಲ ಪದ್ಯಕ್ಕೂ ಬರುವುದಿಲ್ಲ.
‘ಅಮೆರಿಕ ಅಮೆರಿಕ’ ಚಿತ್ರದಲ್ಲಿ ಬಂದ ಮೋಹನ ಮುರಳಿಯ ಹಾಡನ್ನು ಗುನುಗುವವರೇ 1959ರ ‘ಭೂಮಿಗೀತ’ ಕವನ ಸಂಕಲನ ತೆರೆದರೆ ತಬ್ಬಿಬ್ಬಾಗಬಹುದು. ಬರೆದವರು ಮಾತ್ರ ಒಬ್ಬರೇ, ಗೋಪಾಲಕೃಷ್ಣ ಅಡಿಗರು. ಹಾಡಿನ ಬಾಗಿಲಿಂದ ಬಂದವರನ್ನು ಕೀಳಾಗಿ ಕಾಣಬೇಡಿ. ಅವರಲ್ಲಿ ಒಬ್ಬಿಬ್ಬರು ಒಳಮನೆಗೂ ಬರುತ್ತಾರೆ.

6. ಹೊಗಳಿಕೆಯನ್ನೂ ಜರಡಿ ಹಿಡಿಯಿರಿ.
“ಅದ್ಭುತ!” ಎಂದವರನ್ನು, “ಯಾವ ಸಾಲು?” ಎಂದು ಕೇಳಿ. ಸಾಲು ನೆನಪಿದ್ದರೆ ಹೊಗಳಿಕೆ ನಿಜ. ಇಲ್ಲದಿದ್ದರೆ ಅದು ಸೌಜನ್ಯ. ಸಂತೋಷಪಡಿ, ಲೆಕ್ಕಕ್ಕೆ ಹಿಡಿಯಬೇಡಿ.

7. ಭಾಷ್ಯ ಬೇಡ, ಇನ್ನೊಮ್ಮೆ ಓದಿ.
ಹತ್ತು ಸಾಲಿನ ಪದ್ಯಕ್ಕೆ ಇಪ್ಪತ್ತು ನಿಮಿಷದ ವಿವರಣೆ ಕೊಟ್ಟರೆ ಪದ್ಯ ಸೋತಂತೆ. ಅದರ ಬದಲು ಅದೇ ಪದ್ಯವನ್ನು ನಿಧಾನವಾಗಿ, ಸಾಲು ಮುರಿದಲ್ಲಿ ಉಸಿರು ನಿಲ್ಲಿಸಿ, ಮತ್ತೆ ಓದಿ. ಎಷ್ಟೋ ತೊಡಕು ದನಿಯಲ್ಲೇ ಸಡಿಲವಾಗುತ್ತದೆ. ನಿಮ್ಮ ನಾಲಿಗೆಯೇ ತಡವರಿಸಿದರೆ ಆ ಸಾಲು ಇನ್ನೂ ಬೆಂದಿಲ್ಲ ಎಂದರ್ಥ.

ಮುಂದಿನ ಗೋಷ್ಠಿಯಲ್ಲಿ ಕಣ್ಣಾಡಿಸಿ. ‘ಏನೋ ಇದೆ’ ಎಂದವರು ಬಂದಿರಬಹುದು, ಬರದೆಯೂ ಇರಬಹುದು. ‘ತಲೆಬುಡ ಗೊತ್ತಾಗ್ಲಿಲ್ಲ’ ಎಂದವರು ಎರಡನೆಯ ಸಾಲಿನಲ್ಲಿ ಕೂತಿದ್ದರೆ, ಅವರಿಗಾಗಿ ಓದಿ. ಅರ್ಥವಾಗದಿದ್ದರೂ ಮತ್ತೆ ಬಂದವರು ಅವರು.